ಮೇಷ್ಟ್ರ ಜೊತೆ ಬಿಡಿಸಿದ ಪದಬಂಧ

ಮಂಡಿನೋವಿಗೆ ಒಳ್ಳೆಯದಂತೆ ಎಂದು ಸೊಸೆ ಮೊನ್ನೆ ಒಂದು ಸೀಸೆ ತೈಲ ತಂದುಕೊಟ್ಟಳು. ಮುಚ್ಚಳ ತೆಗೆದೆ. ಎಳ್ಳೆಣ್ಣೆಯಲ್ಲಿ ಬೇರು, ತೊಗಟೆ ಕಾಯಿಸಿದ ಆ ಒಗರು ವಾಸನೆ ಮೂಗಿಗೆ ತಾಗಿದ್ದೇ ತಡ, ಹೊಸನಗರದ ಒಂದು ಮನೆಯ ಜಗಲಿ ಕಣ್ಣೆದುರು ಬಂತು. ಜಗಲಿಯ ಬೆಂಚು, ಅಂಚಿಗೆಲ್ಲ ಎಣ್ಣೆ ಹತ್ತಿದ ದಿನಪತ್ರಿಕೆ, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಮೇಷ್ಟ್ರು... ತೈಲ ಹಚ್ಚಿಕೊಳ್ಳುವುದೇ ಮರೆತುಹೋಯಿತು.

ಅದು ಅರವತ್ತರ ದಶಕದ ಮಾತು. ಶರಾವತಿಗೆ ಅಣೆಕಟ್ಟು ಕಟ್ಟಿ, ಹಿನ್ನೀರು ಊರೂರುಗಳನ್ನೇ ನುಂಗಿದ ಹೊಸತು. ಸಾಗರದಲ್ಲಿ ಹುಟ್ಟಿ ಬೆಳೆದ ನನಗೆ ಹೊಸನಗರದ ಶಾಲೆಯಲ್ಲಿ ಮೊದಲ ನೌಕರಿ ಸಿಕ್ಕಿತ್ತು. ಮದುವೆಯಾಗದ ಮಗಳು ಬೇರೆ ಊರಿನಲ್ಲಿ ಒಬ್ಬಳೇ ಇರುವುದು ಅಪ್ಪನಿಗೆ ಸಮಾಧಾನವಿರಲಿಲ್ಲ. ಯಾರೋ ಪರಿಚಯದವರು ಹೇಳಿ, ನಿವೃತ್ತ ಹೆಡ್‌ಮೇಷ್ಟ್ರೊಬ್ಬರ ಮನೆಯ ಹೊರಕೋಣೆ ಬಾಡಿಗೆಗೆ ಗೊತ್ತಾಯಿತು. ಮೇಷ್ಟ್ರು ಮತ್ತು ಅವರ ಹೆಂಡತಿ, ಇಬ್ಬರೇ ಇದ್ದರು. ಒಬ್ಬಳೇ ಮಗಳನ್ನು ತೀರ್ಥಹಳ್ಳಿಗೆ ಕೊಟ್ಟಿದ್ದರು. ಮೇಷ್ಟ್ರ ಹೆಂಡತಿಯನ್ನು ಮೊದಲ ದಿನದಿಂದಲೇ ನಾನು ಅಮ್ಮ ಎಂದೆ.

ದಿನಪತ್ರಿಕೆ ಶಿವಮೊಗ್ಗದ ಬಸ್ಸಿನಲ್ಲಿ ಮಧ್ಯಾಹ್ನ ಬರುತ್ತಿತ್ತು. ನಾನು ಶಾಲೆ ಬಿಟ್ಟು ಬರುವಷ್ಟರಲ್ಲಿ ಮೇಷ್ಟ್ರು ಸುದ್ದಿಯೆಲ್ಲ ಓದಿ ಮುಗಿಸಿ, ಪದಬಂಧದ ಪುಟವನ್ನು ಮಾತ್ರ ಮಡಚಿ ಬೆಂಚಿನ ಮೇಲೆ ಇಟ್ಟಿರುತ್ತಿದ್ದರು. ಮೊದಮೊದಲು ಹೊತ್ತು ಹೋಗದೆ ಬಿಡಿಸಲು ಕೂತವಳು ನಾನು. ಆಮೇಲೆ ಅದೊಂದು ಹುಚ್ಚಾಯಿತು. ಅರ್ಧದಲ್ಲಿ ಸಿಕ್ಕಿಕೊಂಡಾಗ ಮೇಷ್ಟ್ರ ಮುಖ ನೋಡುತ್ತಿದ್ದೆ. ಉತ್ತರವನ್ನು ಮಾತ್ರ ಅವರು ಎಂದೂ ಹೇಳುತ್ತಿರಲಿಲ್ಲ. ಸುತ್ತು ಬಳಸಿ ಅದರ ಹತ್ತಿರಕ್ಕೆ ಕರೆದುಕೊಂಡು ಹೋಗಿ ಬಿಡುತ್ತಿದ್ದರು. ಒಮ್ಮೆ 'ಸಂಜೆಯ ಹೊತ್ತು, ಮೂರಕ್ಷರ' ಎಂದಿತ್ತು. ನಾನು 'ಮುಸ್ಸಂಜೆ' ಎಂದು ತುಂಬಿಸಿದೆ. ಮೇಷ್ಟ್ರು ತಲೆ ಅಲ್ಲಾಡಿಸಿದರು.

"ಮೇಲಿಂದ ಬರೋ ಅಕ್ಷರ ಕೂಡೋದಿಲ್ಲ, ನೋಡು. ದನ ಮನೆಗೆ ಬರುವಾಗ ದಾರಿ ಮೇಲೆ ಎಂತ ಏಳ್ತದೆ ಮಾರಾಯ್ತಿ?"

"ಧೂಳು."

"ಮತ್ತೆಂತ ಕೇಳ್ತೀಯ ನನ್ನ ಹತ್ರ?"

'ಗೋಧೂಳಿ' ಎಂದು ಬರೆದು ಮುಗಿಸಿದಾಗ ಅವರಿಗೆ ನನಗಿಂತ ಹೆಚ್ಚು ಖುಷಿ. ಒಳಗೆ ತಿರುಗಿ, "ಹೋಯ್, ಕೇಳ್ತಾ? ಈ ಹುಡುಗಿಗೆ ಕಾಫಿ ಕೊಡು" ಎನ್ನುತ್ತಿದ್ದರು. ಅಮ್ಮನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ, 'ಹೋಯ್' ಎಂದು. ಆಗ ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಇತ್ತು. ಗಂಡ ಹೆಂಡತಿಯನ್ನು ನಾಲ್ಕು ಜನರೆದುರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಂಡತಿ ಕರೆಯುವ ಮಾತಂತೂ ಇಲ್ಲವೇ ಇಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ, ಒಂದು ಬೆಳಗ್ಗೆ, ಮೇಷ್ಟ್ರು ಬಚ್ಚಲಲ್ಲಿ ಕುಸಿದು ಬಿದ್ದರು. ಲಕ್ವ ಹೊಡೆದಿತ್ತು. ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ ಸೋತಿತ್ತು, ಕಾಲು ಎಳೆಯುತ್ತಿತ್ತು. ಅದಕ್ಕಿಂತ ಮಾತು... ಮಾತೇ ತಪ್ಪಿಹೋಗಿತ್ತು. ಧ್ವನಿ ಇತ್ತು, ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಬೇಕಾದ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನೀರು ಬೇಕಾದರೆ 'ಬಸ್ಸು' ಎನ್ನುತ್ತಿದ್ದರು. ಅಮ್ಮ ದಿಂಬು ಸರಿಮಾಡಿ, ಕಂಬಳಿ ಹೊದೆಸಿ, ಕಡೆಗೆ ನೀರು ತಂದು ಕೊಟ್ಟಾಗ ಕುಡಿಯುತ್ತಿದ್ದರು. ತಾವು ಹೇಳಿದ್ದು ತಪ್ಪು ಎಂದು ಅವರ ಕಿವಿಗೆ ಗೊತ್ತಾಗುತ್ತಿತ್ತು. ನೀರು ಕುಡಿಯುತ್ತಲೇ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಜೀವನವೆಲ್ಲ ಮಕ್ಕಳಿಗೆ ಮಾತು ಕಲಿಸಿದವರು ಅವರು.

ಬಂಧುಗಳು ಬಂದು ನೋಡಿ, ಅವರೆದುರೇ ಅವರ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗತೊಡಗಿದರು. ಮಾತಾಡಿಸುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಒಂದು ಸಂಜೆ ಅಮ್ಮ ಪತ್ರಿಕೆ ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

"ನಾನು ಕೇಳಿದ್ರೆ ಸಿಟ್ಟು ಮಾಡ್ತಾರೆ ಮಗಾ. ನೀನು ಇದನ್ನ ಹಿಡ್ಕೊಂಡು ಹೋಗಿ ಕೂತ್ಕೋ. ನಿಂಗೆ ಪಾಠ ಹೇಳ್ದ ಹಾಗೆ ಅಂತ ಆದ್ರೂ ಬಾಯಿ ಬಿಡ್ತಾರೇನೋ..."

ಹೋಗಿ ಕೂತೆ. ಕೇಳಿದ ಮೊದಲ ಪ್ರಶ್ನೆಗೇ ಮೇಷ್ಟ್ರು ಎಡಗೈಯಿಂದ ಪತ್ರಿಕೆ ಕಿತ್ತು ಎಸೆದರು. ಮರುದಿನ ಮತ್ತೆ ಕೂತೆ. ಅವರು ಎದ್ದು ಹೋಗುವ ಹಾಗಿರಲಿಲ್ಲವಲ್ಲ, ಕಣ್ಣು ಮುಚ್ಚಿಕೊಂಡರು. ನಾನು ಓದುತ್ತ ಹೋದೆ. ಬೇಕೆಂದೇ ಅಲ್ಲ, ನಿಜಕ್ಕೂ ತಿಳಿಯದೆ ಒಂದು ಕಡೆ ತಪ್ಪು ಬರೆದೆ. ಮೇಷ್ಟ್ರು ಕಣ್ಣು ಬಿಟ್ಟು ಹಾಳೆಯ ಕಡೆ ಬಗ್ಗಿದರು. ಎಡಗೈ ಬೆರಳಿನಿಂದ ಆ ಚೌಕವನ್ನು ಕುಟ್ಟಿದರು. ಅಂದಿನಿಂದ ಶುರುವಾಯಿತು.

ಅಮ್ಮ ಅವರ ಬಲಗೈಗೆ ತೈಲ ತಿಕ್ಕುತ್ತ ಕೂರುವುದು, ಈಚೆ ನಾನು ಒಂದೊಂದೇ ಸುಳಿವು ಓದುವುದು. ಈಗ ಉತ್ತರ ಹೇಳದೆ ಸುತ್ತು ಬಳಸುವ ಸರದಿ ನನ್ನದಾಗಿತ್ತು. 'ಮಳೆಗೂ ಬೇಕು, ಬಿಸಿಲಿಗೂ ಬೇಕು, ಎರಡಕ್ಷರ' ಎಂಬುದಕ್ಕೆ ಅವರು ಎಷ್ಟು ಒದ್ದಾಡಿದರೆಂದರೆ, ಕುತ್ತಿಗೆಯ ನರ ಉಬ್ಬಿ, ಹಣೆಯಲ್ಲಿ ಬೆವರು ಬಂತು.

"ಹೇಳಿಬಿಡೆ ಮಾರಾಯ್ತಿ, ಯಾಕೆ ಅವರನ್ನ ಹಿಂಗೆ ಗೋಳು ಹೊಯ್ಕೋತೀಯ" ಎಂದು ಅಮ್ಮ ಬೈದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಎಡಗೈ ಎತ್ತಿ ನನ್ನನ್ನು ತಡೆದರು. "ಕೊ... ಕೊ..." ಎಂದರು. ಆಮೇಲೆ ಸ್ಪಷ್ಟವಾಗಿ, "ಕೊಡೆ."

ಅಮ್ಮ ತೈಲದ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕರು, ಅತ್ತರು... ಎರಡೂ ಒಟ್ಟಿಗೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮೇಷ್ಟ್ರಿಗೆ ಸಣ್ಣಪುಟ್ಟ ಪದಗಳು ಬರುತ್ತಿದ್ದವು. ನೀರಿಗೆ ನೀರೇ ಎನ್ನುತ್ತಿದ್ದರು. ದಿನಾ ಸಂಜೆ ಗಡಿಯಾರ ನೋಡಿ ನನಗಾಗಿ ಕಾಯುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದರು. ಅದೇ ದಿನಗಳಲ್ಲಿ ಒಂದು ಸಂಜೆ 'ಮಲೆನಾಡಿನ ನದಿ, ನಾಲ್ಕಕ್ಷರ' ಎಂದು ಬಂತು. ಇದಕ್ಕೆ ಸುಳಿವೇ ಬೇಡ ಎಂದುಕೊಂಡೆ. ಅವರು ಬಹಳ ವರ್ಷ ಪಾಠ ಹೇಳಿದ್ದ ಶಾಲೆ ಅದೇ ಶರಾವತಿಯ ನೀರಿನಡಿ ಹೋಗಿತ್ತು.

"ನಮ್ಮ ಹೊಳೆ, ಮೇಷ್ಟ್ರೇ. ನಿಮ್ಮ ಶಾಲೆ ಹತ್ರ ಹರೀತಿತ್ತಲ್ಲ, ಅದು."

ಅವರು ಗೊತ್ತು ಎನ್ನುವಂತೆ ತಲೆದೂಗಿದರು. ತುಟಿ ಅಲುಗಿತು. ಬಂದದ್ದು ಬೇರೊಂದು ಹೆಸರು. ಅದೂ ನದಿಯ ಹೆಸರೇ, ಆದರೆ ನಮ್ಮ ಕಡೆಯದಲ್ಲ, ಮೂರೇ ಅಕ್ಷರದ್ದು.

"ಅಲ್ಲ ಮೇಷ್ಟ್ರೇ, ಒಂದಕ್ಷರ ಕಡಿಮೆ ಆಯ್ತು" ಎಂದೆ. ಅವರು ನನ್ನನ್ನು ನೋಡಲಿಲ್ಲ. ಪಕ್ಕಕ್ಕೆ ತಿರುಗಿ ಮತ್ತೆ ಅದೇ ಹೆಸರನ್ನು ಹೇಳಿದರು. ಈ ಸಲ ಕರೆದ ಹಾಗಿತ್ತು. ಅವರ ತೋಳನ್ನು ತಿಕ್ಕುತ್ತಿದ್ದ ಅಮ್ಮನ ಕೈ ನಿಂತುಹೋಗಿತ್ತು. ಅಮ್ಮ ತಲೆ ಎತ್ತಲಿಲ್ಲ. ಸಣ್ಣ ದನಿಯಲ್ಲಿ "ಓ" ಎಂದು, ಎದ್ದು ಒಳಗೆ ಹೋಗಿಬಿಟ್ಟರು. ಅಷ್ಟು ಕಾಲ ಆ ಮನೆಯಲ್ಲಿ ಉಂಡ ನನಗೆ ಅಮ್ಮನ ಹೆಸರು ಗೊತ್ತಾದದ್ದು ಅವತ್ತು.

ಮುಂದಿನ ಮಳೆಗಾಲದಲ್ಲಿ ಮೇಷ್ಟ್ರಿಗೆ ಎರಡನೆಯ ಬಾರಿ ಲಕ್ವ ಹೊಡೆಯಿತು. ಕಷ್ಟಪಟ್ಟು ಕೂಡಿಸಿಕೊಂಡಿದ್ದ ಪದಗಳೆಲ್ಲ ಹೋದವು. ಉಳಿದದ್ದು ಆ ಹೆಸರೊಂದೇ. ಹಸಿವಾದರೆ ಅದು, ನೋವಾದರೆ ಅದು, ನನ್ನನ್ನು ಕಂಡರೂ ಅದೇ. ಅಮ್ಮ ಎಲ್ಲಿದ್ದರೂ "ಓ, ಬಂದೆ" ಎಂದು ಬರುತ್ತಿದ್ದರು. ಬಂದವರ ಎದುರು ಮೊದಮೊದಲು ಅವರಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಅದೂ ಹೋಯಿತು. ನಾನು ಸಂಜೆ ಪದಬಂಧವನ್ನು ಗಟ್ಟಿಯಾಗಿ ಓದಿ, ಉತ್ತರವನ್ನೂ ನಾನೇ ಹೇಳುತ್ತಿದ್ದೆ. ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದರೋ ಏನೋ...

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿ, ಸಾಗರಕ್ಕೆ ವರ್ಗವಾಯಿತು. ದೀಪಾವಳಿ ಕಳೆದ ಮೇಲೆ ಮೇಷ್ಟ್ರು ತೀರಿಕೊಂಡರೆಂದು ಹೊಸನಗರದಿಂದ ಬಂದ ಸಹೋದ್ಯೋಗಿಯೊಬ್ಬರು ಹೇಳಿದರು. ಕಾರ್ಯಕ್ಕೆ ಹೋದೆ. ಮಗಳು ಅಮ್ಮನನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋದಳು.

ಕೆಲವು ವರ್ಷಗಳ ನಂತರ, ತೀರ್ಥಹಳ್ಳಿಯಲ್ಲಿ ಮದುವೆಗೆಂದು ಹೋದವಳು ಆ ಮನೆ ಹುಡುಕಿಕೊಂಡು ಹೋದೆ. ಅಮ್ಮ ಸೊರಗಿದ್ದರು. ಮಗಳು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಮೊಮ್ಮಕ್ಕಳು 'ಅಜ್ಜೀ' ಎಂದು ಸುತ್ತ ಕುಣಿಯುತ್ತಿದ್ದವು. ಮಗಳು ಕಾಫಿ ಮಾಡಲು ಒಳಗೆ ಹೋದಾಗ ಅಮ್ಮ ನನ್ನ ಹತ್ತಿರ ಸರಿದು ಕೂತರು.

"ಅವರು ಕರೀತಿದ್ದದ್ದು ನೀನು ಕೇಳಿದ್ದೆಯಲ್ಲ ಮಗಾ."

"ಹೌದಮ್ಮ."

"ಒಂದ್ಸಲ ಕರೀತೀಯಾ?"

ತಾಯಿಯಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯುವುದೆಂದರೆ ನನ್ನ ನಾಲಿಗೆ ಏಳಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ಕಾದರು. ಕಡೆಗೆ ನಾನೂ ಕಣ್ಣು ಮುಚ್ಚಿಕೊಂಡು ಆ ಮೂರಕ್ಷರವನ್ನು, ಮೇಷ್ಟ್ರು ಎಳೆಯುತ್ತಿದ್ದ ಹಾಗೆಯೇ ಎಳೆದು, ಕರೆದೆ.

"ಓ, ಬಂದೆ" ಎಂದರು ಅಮ್ಮ.

ಅವರನ್ನು ನಾನು ಮತ್ತೆ ನೋಡಲಿಲ್ಲ. ಈಗ ಈ ಮನೆಯಲ್ಲಿ ನಾನೂ ಅತ್ತೆ, ಅಜ್ಜಿ, ಬೀದಿಯವರಿಗೆ ಟೀಚರಮ್ಮ. ಹೋದ ವರ್ಷ ನಮ್ಮವರು ತೀರಿಕೊಂಡ ಮೇಲೆ, ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ.