ಅತ್ತಿಗೆಯ ಫ್ಲಾಸ್ಕು

ಅನುಮಾನ ಪಡುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಟೆಕ್ನಿಷಿಯನ್ ನಾನು. ಹೊಸಕೋಟೆಯಿಂದ ದಿನಾ ಬಸ್ಸು. ರೋಗಿಯ ರಕ್ತ ತೆಗೆದು, ಕೆಂಪು ಕಣಗಳಿಗೆ ಚೂರು ವಿಕಿರಣ ವಸ್ತು ಅಂಟಿಸಿ, ಮತ್ತೆ ಮೈಗೆ ಸೇರಿಸುತ್ತೇವೆ. ಒಳಗೆ ಎಲ್ಲಿ ರಕ್ತ ಸೋರುತ್ತಿದೆಯೋ ಅಲ್ಲಿ ಕ್ಯಾಮೆರಾಕ್ಕೆ ಚುಕ್ಕೆ ಕಾಣುತ್ತದೆ. ಸರಿಯಾಗಿ ಅಂಟದಿದ್ದರೆ ಚಿತ್ರವೆಲ್ಲ ಸುಳ್ಳು.

ಆ ದಿನ ಕ್ಯಾಮೆರಾದ ಕೆಳಗೆ ಮಲಗಿದ್ದವಳು ನನ್ನ ಅಮ್ಮ. ಹೊಟ್ಟೆಯೊಳಗೆ ರಕ್ತ ಸೋರಿ ಸೋರಿ ಬಿಳಿಚಿಕೊಂಡಿದ್ದಳು. ಸೋರುವ ಜಾಗ ಗೊತ್ತಾಗದೆ ಆಪರೇಷನ್ ಮಾಡುವುದಿಲ್ಲ ಎಂದಿದ್ದರು ಡಾಕ್ಟರು. ಪರದೆ ನೋಡಿದರೆ ಹೊಳೆಯಬಾರದ ಗಂಟಲ ಗ್ರಂಥಿ, ಜಠರ ಹೊಳೆಯುತ್ತಿದ್ದವು. ವಿಕಿರಣ ವಸ್ತು ಕಣಗಳಿಗೆ ಅಂಟಿಯೇ ಇರಲಿಲ್ಲ.

ಮೊದಲು ಅಂಟಿಸುವ ರಾಸಾಯನಿಕದ ಕಿಟ್ ಮೇಲೆ ಅನುಮಾನಪಟ್ಟೆ. ಆದರೆ ಬೆಳಿಗ್ಗೆ ಅದೇ ಪೆಟ್ಟಿಗೆಯ ಕಿಟ್ಟಿನಿಂದ ಇನ್ನೊಬ್ಬರ ಚಿತ್ರ ಚೆನ್ನಾಗಿಯೇ ಬಂದಿತ್ತು. ನನ್ನ ಕೈಯನ್ನು ಮಾತ್ರ ಅನುಮಾನಿಸಲಿಲ್ಲ. ಇಪ್ಪತ್ತು ವರ್ಷ ಪಳಗಿದ ಕೈ. ಆಗ ನೆನಪಾಯಿತು, ಕೆಲವು ಗಿಡಮೂಲಿಕೆಗಳ ರಸ ಹೀಗೆ ಅಂಟುವುದನ್ನು ಕೆಡಿಸಬಹುದೆಂದು ಎಲ್ಲೋ ಓದಿದ್ದೆ. ಫಾರಂ ತುಂಬುವಾಗ ‘ಔಷಧಿ ಏನಾದ್ರೂ ತಗೊಂಡಿದೀಯಾ’ ಅಂದದ್ದಕ್ಕೆ ಅಮ್ಮ ಇಲ್ಲವೆಂದಿದ್ದಳು. ನಮ್ಮೂರು ನಂದಗುಡಿ ಕಡೆ ಕಷಾಯವನ್ನು ಯಾರೂ ಔಷಧಿ ಅನ್ನುವುದಿಲ್ಲ. ಅದು ಮುದ್ದೆ, ಸಾರಿನ ಸಾಲಿಗೇ ಸೇರಿದ್ದು.

ಬಾಗಿಲಾಚೆ, ಊರಲ್ಲಿ ಅಮ್ಮನನ್ನು ನೋಡಿಕೊಳ್ಳುವ ಅತ್ತಿಗೆ ಕೂತಿದ್ದರು. ನನ್ನ ಮುಖ ನೋಡಿದ್ದೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಫ್ಲಾಸ್ಕನ್ನು ಸೆರಗಿನ ಮರೆಗೆ ಎಳೆದುಕೊಂಡರು. ಕಿತ್ತುಕೊಂಡು ಮುಚ್ಚಳ ತೆಗೆದೆ. ಕಹಿ ಘಾಟು.

“ಯಾರನ್ನ ಕೇಳಿ ಕುಡಿಸಿದ್ರಿ? ಅಮ್ಮನ್ನ ಸಾಯಿಸ್ಬೇಕು ಅಂತಿದೀರಾ?” ಎಂದು ಕೂಗಾಡಿದೆ. ಅವರ ಕಣ್ಣು ತುಂಬಿದವು.

ಒಳಗಿನಿಂದ ಅಮ್ಮನ ದನಿ ಬಂತು. “ಅವ್ಳನ್ಯಾಕೋ ಬೈತೀಯ? ಅಮೃತಬಳ್ಳಿ ಕಷಾಯ ಕಣೋ ಅದು. ಕೊರೋನಾದಾಗ ಕಡ್ಡಿ ತಂದು ಬೇವಿನ ಮರಕ್ಕೆ ಹಬ್ಸಿದ್ದು ನೀನು. ಒಂದಿನಾನೂ ತಪ್ಪಿಸ್ಬೇಡ ಅಂದಿದ್ದೂ ನೀನೇ. ತಪ್ಪಿಸಿಲ್ಲಪ್ಪ.”

ನಾಚಿಕೆಯಿಂದ ಕುಗ್ಗಿಹೋದೆ. ಕಷಾಯ ನಿಲ್ಲಿಸಿ, ರಕ್ತ ಕೊಟ್ಟು, ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದೆವು. ಈ ಸಲ ಸರಿಯಾಗಿ ಅಂಟಿತು. ಸಣ್ಣ ಕರುಳಿನಲ್ಲಿ ಚುಕ್ಕೆ ಕಂಡಿತು. ಆಪರೇಷನ್ ಆಗಿ ಅಮ್ಮ ಉಳಿದಳು. ಮೊದಲ ಸಲ ಕೆಡಿಸಿದ್ದು ಬಳ್ಳಿಯೋ, ಅಮ್ಮನ ರಕ್ತ ಹಿಡಿದು ನಡುಗಿದ ನನ್ನ ಕೈಯೋ, ಇವತ್ತಿಗೂ ಗೊತ್ತಿಲ್ಲ.

ಅತ್ತಿಗೆ ಆ ಮಾತನ್ನು ಎತ್ತಿಲ್ಲ. ನಾನು ಊರಿಗೆ ಹೋದಾಗ ಮಾತ್ರ, ಅಮ್ಮನಿಗೆ ಕೊಡುವ ಹಾಲಿನ ಲೋಟವನ್ನು ಮೊದಲು ನನ್ನ ಮುಂದೆ ಹಿಡಿಯುತ್ತಾರೆ. “ಒಂದ್ಸಲ ನೋಡ್ಬಿಡಿ,” ಅನ್ನುತ್ತಾರೆ.