ಘಾನಾದ ನಕ್ಷೆ ಬರೆದವರು

ಗಲ್ಫಿನಲ್ಲಿ ನಾವಿದ್ದ ಅಲ್ ನಹ್ದಾ ಬಡಾವಣೆಯ ನಮ್ಮ ಬಿಲ್ಡಿಂಗಿನ ಸೆಕ್ಯೂರಿಟಿಯವರು ಘಾನಾ ದೇಶದವರೆಂದು ನನಗೆ ಗೊತ್ತಾದದ್ದು ಮೂರು ವರ್ಷದ ಮೇಲೆ, ಅದೂ ಮಗಳ ಶಾಲೆಯ ಪ್ರಾಜೆಕ್ಟಿನ ದೆಸೆಯಿಂದ. ಅಲ್ಲಿಯವರೆಗೆ ‘ಆಫ್ರಿಕಾದವನು’ ಎಂದು ಇಡೀ ಖಂಡವನ್ನೇ ಅವರ ತಲೆಗೆ ಕಟ್ಟಿ ಆರಾಮವಾಗಿದ್ದೆ.

ಐದನೇ ಕ್ಲಾಸಿನ ಮಗಳಿಗೆ ಘಾನಾದ ಭೂಗೋಳ ಮತ್ತು ಜನಜೀವನ ಎಂಬ ವಿಷಯ ಬಂದಿತ್ತು. ನಕ್ಷೆಯನ್ನು ಇಂಟರ್ನೆಟ್ ಕೆಫೆಯಲ್ಲಿ ಪ್ರಿಂಟ್ ಹಾಕಿಸುವಂತಿಲ್ಲ, ಕೈಯಲ್ಲೇ ಬರೆಯಬೇಕೆಂದು ಟೀಚರ ಕಟ್ಟಪ್ಪಣೆ. ನಮ್ಮ ಉಡುಪಿ ಕಡೆಯ ಅಮ್ಮಂದಿರ ಗುಂಪಿನಲ್ಲಿ ಪ್ರಾಜೆಕ್ಟ್ ಮಾಡುವವರು ಮಕ್ಕಳಲ್ಲ, ಅಮ್ಮಂದಿರೇ. ಯಾರ ಚಾರ್ಟು ಚಂದ ಎಂಬ ಮಾತು ವರ್ಷವಿಡೀ ನಡೆಯುತ್ತಿತ್ತು. ನಾನೂ ಆ ಹುಚ್ಚಿಗೆ ಬಿದ್ದವಳೇ. ಆದರೆ ನನ್ನ ಕೈಯಲ್ಲಿ ಘಾನಾ ಪ್ರತಿ ಸಲವೂ ಹಲಸಿನ ತೊಳೆಯಂತಾಗುತ್ತಿತ್ತು. ಕೊನೆಗೆ ಮಗಳೇ ಚಾರ್ಟ್ ಸುತ್ತಿಕೊಂಡು ಕೆಳಗೆ ಲಾಬಿಗೆ ಹೊರಟಳು. “ಅಂಕಲ್‌ಗೆ ಗೊತ್ತಿರ್ತದೆ ಅಮ್ಮ, ಅವ್ರು ಘಾನಾದವ್ರು.”

ಹಿಂದೆಯೇ ನಾನೂ ಹೋದೆ. ಅವರು ರಿಜಿಸ್ಟರ್ ಪಕ್ಕಕ್ಕೆ ಸರಿಸಿ, ಏನನ್ನೂ ನೋಡದೆ, ಒಂದೇ ಗೆರೆಯಲ್ಲಿ ತಮ್ಮ ದೇಶ ಬರೆದರು. ದಕ್ಷಿಣಕ್ಕೆ ಸಮುದ್ರ, ದಡದಲ್ಲಿ ಅಕ್ರಾ. ನಡುವೆ ಕಾಡು, ಕೋಕೋ ತೋಟ, ಅವರ ಊರಾದ ಕುಮಾಸಿ. ಉತ್ತರಕ್ಕೆ ಒಣ ಹುಲ್ಲುಗಾವಲು, ಚಳಿಗಾಲದಲ್ಲಿ ಸಹಾರಾದ ಧೂಳು ಹೊತ್ತು ಬರುವ ಗಾಳಿ. ಪೂರ್ವಕ್ಕೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ವೋಲ್ಟಾ ಸರೋವರ. ಅದರಡಿ ಮುಳುಗಿದ ಹಳ್ಳಿಗಳ ಮಾತು ಬಂದಾಗ ನೀರಿನೊಳಗೆ ನಾಲ್ಕು ಚುಕ್ಕೆ ಇಟ್ಟರು. ಅವರ ಜನರಲ್ಲಿ ಮಗು ಯಾವ ವಾರ ಹುಟ್ಟಿತೋ ಅದರ ಮೇಲೆ ಹೆಸರಂತೆ. ಮಗಳು ಬುಧವಾರ ಹುಟ್ಟಿದವಳೆಂದಾಗ ಅವಳಿಗೂ ಒಂದು ಹೆಸರಿಟ್ಟರು. ಊರಿನಲ್ಲಿ ಹದಿನಾಲ್ಕು ವರ್ಷ ಭೂಗೋಳ ಕಲಿಸಿದ ಮೇಷ್ಟ್ರು ಅವರು. ಅದನ್ನೂ ನಾವು ಕೇಳಿದ ಮೇಲಷ್ಟೇ ಹೇಳಿದರು.

ನಾವು ಹೊರಡುವಾಗ, “ನಿನ್ನ ಟೀಚರ್ ಏನು ಹೇಳಿದರು ಅಂತ ಬಂದು ನನಗೆ ಹೇಳಬೇಕು,” ಎಂದು ಮಗಳಿಂದ ಮಾತು ತೆಗೆದುಕೊಂಡರು.

ಪ್ರದರ್ಶನದ ದಿನ ಹಾಲ್ ತುಂಬ ಅಮ್ಮಂದಿರು. ಟೀಚರು ನಮ್ಮ ಚಾರ್ಟಿನ ಮುಂದೆ ನಿಂತುಬಿಟ್ಟರು. “ಇಷ್ಟು ಚೆನ್ನಾಗಿ ಯಾರು ಬರೆದದ್ದು?”

“ನಾನೇ,” ಎಂದುಬಿಟ್ಟೆ.

ಯಾರೂ ನನ್ನ ಕುತ್ತಿಗೆ ಹಿಡಿದು ಕೇಳಿರಲಿಲ್ಲ. ಪಕ್ಕದಲ್ಲಿ ನಮ್ಮ ಗುಂಪಿನವರು ಕಿವಿಯಾಗಿ ನಿಂತಿದ್ದರು, ವಾಚ್‌ಮನ್ ಹತ್ತಿರ ಬರೆಸಿಕೊಂಡೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ, ಅಷ್ಟೇ. ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಮೊದಲ ಬಹುಮಾನ ನಮಗೇ ಬಂತು.

ಕಾರಿನಲ್ಲಿ ಅವಳು, “ವೈ, ಅಮ್ಮಾ?” ಎಂದಳು.

“ಸುಮ್ನೆ ಕೂತ್ಕೋ ಮಾರಾಯ್ತಿ, ಅದೇನು ಅಷ್ಟು ದೊಡ್ಡ ವಿಷಯ ಅಲ್ಲ.”

ಲಾಬಿಯೊಳಗೆ ಕಾಲಿಟ್ಟೊಡನೆ ಅವರು ಕುರ್ಚಿಯಿಂದ ಎದ್ದು ನಿಂತರು. “ಟೀಚರ್ ಏನಂದರು?”

ನಾನು ಬ್ಯಾಗಿನಲ್ಲಿ ಬೀಗದ ಕೈ ಹುಡುಕತೊಡಗಿದೆ. ಮಗಳು ಒಮ್ಮೆ ನನ್ನ ಮುಖ ನೋಡಿ, ಅವರತ್ತ ತಿರುಗಿ, ಇಂಗ್ಲಿಷಿನಲ್ಲಿ, ಒಂದು ಚೂರೂ ತಡವರಿಸದೆ ಹೇಳಿದಳು: “ತುಂಬಾ ಮೆಚ್ಚಿಕೊಂಡರು, ಅಂಕಲ್. ಬರೆದದ್ದು ನೀವು ಅಂತ ಅಮ್ಮನೇ ಎಲ್ಲರಿಗೂ ಹೇಳಿದರು.”

ಅವರು ಎದೆಯ ಮೇಲೆ ಕೈಯಿಟ್ಟು ನನಗೆ ಥ್ಯಾಂಕ್ಸ್ ಹೇಳಿದರು. ನಾನು ಅದನ್ನೂ ತೆಗೆದುಕೊಂಡೆ.