ಅರ್ಧ ಒತ್ತಿದ ಗುಂಡಿ

ಊಟಿ ಹತ್ತಿರದ ಎಮರಾಲ್ಡ್ ಊರಿನ ದಾರಿಯ ಚಹಾ ತೋಟದಲ್ಲಿ ಗಂಡನನ್ನು ನಿಲ್ಲಿಸಿ, ಹೊಸ ಪುಟ್ಟ ಕ್ಯಾಮೆರಾದಲ್ಲಿ ಹತ್ತು ಫೋಟೊ ತೆಗೆದೆ. ಮೋಡ್ ಬದಲಿಸಿದೆ, ಫ್ಲ್ಯಾಶ್ ಆರಿಸಿದೆ, ಹತ್ತೂ ಮಸುಕು. ಪಕ್ಕದಲ್ಲೇ ಎಲೆ ಕೀಳುತ್ತಿದ್ದ ಹೆಂಗಸು ನೋಡಿ ನೋಡಿ ಸಾಕಾಗಿ ಕ್ಯಾಮೆರಾ ಇಸಿದುಕೊಂಡಳು.

"ನೀವು ಗುಂಡೀನ ಗುದ್ದುತೀರಿ ಅಮ್ಮಾ. ಲೀಫನ್ನ ಹಿಂಗೆ ಕಿತ್ರೆ ಫ್ಯಾಕ್ಟರೀಲಿ ತಗೊಳ್ಳಲ್ಲ."

ಆಕೆಯ ಬೆರಳು ಗುಂಡಿಯನ್ನು ಅರ್ಧ ಒತ್ತಿ ಕಾಯಿತು. ಪರದೆಯಲ್ಲಿ ಇವರ ಮುಖದ ಸುತ್ತ ಹಸಿರು ಚೌಕ ಮೂಡಿತು. ಆಕೆಯ ಮಾತಿಗೆ ಇವರು ಬಾಯ್ತುಂಬ ನಕ್ಕರು. ಆಗ ಪೂರ್ತಿ ಒತ್ತಿದಳು. ಒಂದೊಂದು ರೆಪ್ಪೆಗೂದಲೂ ಸ್ಪಷ್ಟ. ನನ್ನೆದುರು ಹಾಗೆ ನಕ್ಕು ಎಷ್ಟು ಕಾಲವಾಯಿತು!

ಊಟಿ ಬಸ್ಸಿನಲ್ಲಿ ಆ ಫೋಟೊ ತೆರೆದು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಪಕ್ಕದಿಂದ ಇವರು ಬಗ್ಗಿ ನೋಡಿದರು.

"ಅದೊಂದು ಇರಲಿ. ಮಿಕ್ಕಿದ್ದೆಲ್ಲ ಡಿಲೀಟ್ ಮಾಡು."